ಆರಿಸಿದಷ್ಟೂ ಮುಗಿಯದ ಜೋಳ

ರಾಯಚೂರು ಸೀಮೆಯ ಎರೆಹೊಲಗಳಲ್ಲಿ ಹಿಂಗಾರಿ ಬಿಳಿಜೋಳ ಬಿತ್ತುವ ಒಕ್ಕಲುಮನೆಗಳಲ್ಲಿ, ರಾಶಿ ಮಾಡುವುದಕ್ಕೆ ಮೊದಲೇ ಮುಂದಿನ ವರ್ಷದ ಬೀಜಕ್ಕೆಂದು ಒಳ್ಳೆಯ ತೆನೆಗಳನ್ನು ಆರಿಸಿ ತೆಗೆದಿಡುವುದು ಬಹಳ ಹಳೆಯ ರೂಢಿ. ದಪ್ಪಗಿರುವ, ತುದಿಯವರೆಗೂ ಕಾಳು ಕಟ್ಟಿದ, ಕಾಡಿಗೆ ರೋಗ ಹತ್ತದ ತೆನೆಗೆ ಮಾತ್ರ ಆ ಗೌರವ. ಉಳಿದದ್ದು ಕಣಕ್ಕೆ ಹೋಗುತ್ತದೆ. ಹೀಗೆ ಆರಿಸುವ ಕೆಲಸ ಎಷ್ಟೋ ತಲೆಮಾರುಗಳಿಂದ ನಡೆದುಬಂದಿದೆ. ಹಾಗಿದ್ದರೂ ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಮನೆಬೀಜದ ಹೊಲಕ್ಕೆ ಹೋದವರಿಗೆ ಕಾಣುವುದು ಒಂದೇ ಅಳತೆಯ ಬೆಳೆಯಲ್ಲ. ಒಂದು ಗಿಡ ಎದೆಮಟ್ಟ ನಿಂತಿದ್ದರೆ ಅದರ ಪಕ್ಕದ್ದು ಆಳೆತ್ತರ ದಾಟಿರುತ್ತದೆ. ಒಂದರ ತೆನೆ ಬಿಗಿ, ಇನ್ನೊಂದರದ್ದು ಸಡಿಲ. ಒಂದು ಹೂಬಿಟ್ಟು ಕಾಳಿಗೆ ಹಾಲು ತುಂಬುತ್ತಿದ್ದರೆ ಅದೇ ಸಾಲಿನ ಮತ್ತೊಂದು ಈಗಷ್ಟೇ ಹೊಡೆ ಬಿಚ್ಚುತ್ತಿರುತ್ತದೆ.

ಜೀವಶಾಸ್ತ್ರ ಪಾಠ ಹೇಳುವ ನನಗೆ ಈ ನೋಟ ಬಹಳ ಕಾಲದಿಂದ ಒಂದು ಪ್ರಶ್ನೆಯಾಗಿ ಕಾಡಿದೆ. ಆಯ್ಕೆಯೆಂದರೆ ಕೆಲವನ್ನು ಉಳಿಸಿಕೊಂಡು ಮಿಕ್ಕವನ್ನು ಬಿಡುವುದು. ಮನುಷ್ಯ ಆರಿಸಲಿ, ಬರಗಾಲ ಆರಿಸಲಿ, ಪ್ರತಿ ತಲೆಮಾರಿನಲ್ಲೂ ಕೆಲವು ವಂಶವಾಹಿ ರೂಪಗಳು ಮುಂದಕ್ಕೆ ಹೋಗುತ್ತವೆ, ಕೆಲವು ಅಲ್ಲಿಗೇ ನಿಲ್ಲುತ್ತವೆ. ಹಾಗಾದರೆ ಸಾವಿರಾರು ವರ್ಷ ಆಯ್ಕೆಗೆ ಒಳಗಾದ ಮೇಲೂ ಆರಿಸುವುದಕ್ಕೆ ಇನ್ನೂ ಏನಾದರೂ ಉಳಿದಿರುವುದು ಹೇಗೆ? ಎತ್ತರ, ತೂಕ, ಹೂಬಿಡುವ ದಿನ, ಕಾಳಿನ ಗಾತ್ರ, ಹಾಲಿನ ಇಳುವರಿ ಇವೆಲ್ಲ ಇದೆ ಅಥವಾ ಇಲ್ಲ ಎಂದು ಹೇಳಿ ಮುಗಿಸುವ ಗುಣಗಳಲ್ಲ, ಅಳೆದು ಹೇಳಬೇಕಾದ ಗುಣಗಳು. ಇವನ್ನು ಪರಿಮಾಣಾತ್ಮಕ ಗುಣಗಳೆಂದು ಕರೆಯುತ್ತಾರೆ. ಇವುಗಳಲ್ಲಿನ ಆನುವಂಶಿಕ ವ್ಯತ್ಯಾಸ ತೀರದೆ ಉಳಿಯುವುದು ಏಕೆ ಎಂಬುದು ವಿಕಾಸ ವಿಜ್ಞಾನದ ಹಳೆಯ ಪ್ರಶ್ನೆಗಳಲ್ಲೊಂದು. ಒಂದೇ ಮಾತಿನ ಉತ್ತರ ಅದಕ್ಕೆ ಇವತ್ತಿಗೂ ಇಲ್ಲ.

ಮೊದಲು ಒಂದು ಎಚ್ಚರಿಕೆಯ ಮಾತು ಹೇಳಬೇಕು. ಕಣ್ಣಿಗೆ ಕಾಣುವ ವ್ಯತ್ಯಾಸವೆಲ್ಲ ವಂಶದಿಂದ ಬಂದದ್ದಲ್ಲ. ಬದುವಿನ ಪಕ್ಕದ ಗಿಡಕ್ಕೆ ಒಂದು ಕಡೆ ಪೈಪೋಟಿಯೇ ಇಲ್ಲ, ಮಳೆಯ ನೀರೂ ಅಲ್ಲಿ ಹೆಚ್ಚು ಹೊತ್ತು ನಿಂತಿರುತ್ತದೆ. ಆ ಗಿಡದ ತೆನೆ ದಪ್ಪವಾದರೆ ಅದು ಬದುವಿನ ಪುಣ್ಯ, ಬೀಜದ್ದಲ್ಲ. ಡೆನ್ಮಾರ್ಕಿನ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಯೋಹಾನ್ಸೆನ್ 1903ರಲ್ಲಿ ಪ್ರಕಟಿಸಿದ ಹುರುಳಿಕಾಯಿಯ ಪ್ರಯೋಗಗಳು ಇದನ್ನೇ ತೋರಿಸಿದವು. ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಂಡ ಒಂದೇ ಗಿಡದ ಸಂತತಿಯಲ್ಲಿ ದೊಡ್ಡ ಕಾಳು ಬಿತ್ತಿದರೂ ಸಣ್ಣ ಕಾಳು ಬಿತ್ತಿದರೂ ಮುಂದಿನ ಪೀಳಿಗೆಯ ಸರಾಸರಿ ಒಂದೇ ಆಗಿತ್ತು. ಬೇರೆ ಬೇರೆ ಶುದ್ಧ ಸಂತತಿಗಳು ಕಲೆತಿದ್ದಾಗ ಮಾತ್ರ ಆಯ್ಕೆಗೆ ಫಲವಿತ್ತು. ಆದ್ದರಿಂದ ನಮ್ಮ ಹಿರಿಯರು ಆರಿಸಿದ ದಪ್ಪ ತೆನೆಗಳಲ್ಲಿ ಒಂದು ದೊಡ್ಡ ಪಾಲು ಬದುವಿನದೋ ಗೊಬ್ಬರದ ಗುಡ್ಡೆ ಬಿದ್ದ ಜಾಗದ್ದೋ ಆಗಿರುತ್ತದೆ, ಅಷ್ಟರಮಟ್ಟಿಗೆ ಅವರ ಆಯ್ಕೆ ವಂಶವಾಹಿಗಳನ್ನು ಮುಟ್ಟುವುದೇ ಇಲ್ಲ. ವ್ಯತ್ಯಾಸ ಉಳಿದಿರುವುದಕ್ಕೆ ಇದು ಒಂದು ಕಾರಣ ಹೌದು. ಆದರೆ ಇದು ಆಯ್ಕೆಯ ವೇಗವನ್ನು ತಗ್ಗಿಸುತ್ತದೆಯೇ ಹೊರತು ಅದನ್ನು ನಿಲ್ಲಿಸುವುದಿಲ್ಲ. ಸಾವಿರಾರು ವರ್ಷಗಳ ಲೆಕ್ಕಕ್ಕೆ ಇದಷ್ಟೇ ಸಾಲದು.

ಎರಡನೆಯ ಕಾರಣ ಈ ಗುಣಗಳ ಕಟ್ಟಡದಲ್ಲೇ ಇದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೆಂಡೆಲನ ನಿಯಮಗಳನ್ನು ನಂಬಿದವರಿಗೂ ಎತ್ತರದಂಥ ಗುಣಗಳನ್ನು ಅಳೆದು ಲೆಕ್ಕ ಹಾಕುತ್ತಿದ್ದವರಿಗೂ ದೊಡ್ಡ ಜಗಳವೇ ನಡೆದಿತ್ತು. ಬಟಾಣಿಯಲ್ಲಿ ಕಂಡ ಕುಳ್ಳು-ಉದ್ದ ಎಂಬ ಎರಡೇ ಬಗೆ, ಮನುಷ್ಯರ ಎತ್ತರದಲ್ಲಿ ಏಕೆ ಕಾಣುವುದಿಲ್ಲ? 1918ರಲ್ಲಿ ರೊನಾಲ್ಡ್ ಫಿಶರ್ ಬರೆದ ಪ್ರಬಂಧ ಈ ಜಗಳವನ್ನು ತೀರಿಸಿತು. ಒಂದು ಗುಣವನ್ನು ಅನೇಕ ವಂಶವಾಹಿಗಳು ಸೇರಿ ರೂಪಿಸುತ್ತಿದ್ದರೆ, ಪ್ರತಿಯೊಂದೂ ಮೆಂಡೆಲನ ನಿಯಮದಂತೆಯೇ ನಡೆದರೂ, ಒಟ್ಟು ಫಲ ಅಂತರವಿಲ್ಲದ ಏರಿಳಿತವಾಗಿ ಕಾಣುತ್ತದೆ ಎಂದು ಅವರು ಗಣಿತದಿಂದ ತೋರಿಸಿದರು. ಅನೇಕ ಎಂದರೆ ಎಷ್ಟು ಎಂಬುದಕ್ಕೆ ಈಗ ಒಂದು ಅಂದಾಜು ಸಿಕ್ಕಿದೆ. 2022ರಲ್ಲಿ ಪ್ರಕಟವಾದ, ಸುಮಾರು 54 ಲಕ್ಷ ಜನರ ಡಿಎನ್‌ಎ ಮಾಹಿತಿಯನ್ನು ಒಟ್ಟುಗೂಡಿಸಿದ ಅಧ್ಯಯನವೊಂದು ಮನುಷ್ಯರ ಎತ್ತರಕ್ಕೆ ಸಂಬಂಧಿಸಿದ 12,111 ಸ್ವತಂತ್ರ ಡಿಎನ್‌ಎ ವ್ಯತ್ಯಾಸಗಳನ್ನು ಗುರುತಿಸಿತು.

ಇಷ್ಟೊಂದು ಜಾಗಗಳಿಗೆ ಹಂಚಿಹೋದ ಗುಣದ ಮೇಲೆ ಆಯ್ಕೆ ನಡೆದಾಗ ಒಂದೊಂದು ವಂಶವಾಹಿಯ ಮೇಲೆ ಬೀಳುವ ಒತ್ತಡ ಅತ್ಯಲ್ಪ. ಸರಾಸರಿ ಬಹಳ ದೂರ ಸರಿದರೂ ಯಾವ ಒಂದು ರೂಪವೂ ಪೂರ್ತಿ ಅಳಿದಿರುವುದಿಲ್ಲ. ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಸ್ಪಷ್ಟ ಸಾಕ್ಷಿ ಅಮೆರಿಕದ ಇಲಿನಾಯ್ಸ್ ವಿಶ್ವವಿದ್ಯಾಲಯದ ಮೆಕ್ಕೆಜೋಳದ ಪ್ರಯೋಗ. ಸಿರಿಲ್ ಹಾಪ್ಕಿನ್ಸ್ 1896ರಲ್ಲಿ 163 ತೆನೆಗಳಿಂದ ಅದನ್ನು ಆರಂಭಿಸಿದರು. ಕಾಳಿನಲ್ಲಿ ಎಣ್ಣೆಯ ಅಂಶ ಆಗ ಶೇಕಡಾ 5ಕ್ಕಿಂತ ಕಡಿಮೆ ಇತ್ತು. ಪ್ರತಿ ವರ್ಷ ಹೆಚ್ಚು ಎಣ್ಣೆಯ ತೆನೆಗಳನ್ನೇ ಆರಿಸಿ ಬಿತ್ತುತ್ತ ಹೋದಂತೆ, ನೂರು ಪೀಳಿಗೆಗಳ ಹೊತ್ತಿಗೆ ಅದು ಶೇಕಡಾ 20ನ್ನು ದಾಟಿತು. ಮೊದಲ ಹೊಲದ ಯಾವ ತೆನೆಯಲ್ಲೂ ಇಲ್ಲದಷ್ಟು ಎಣ್ಣೆ ಆ ಹೊಲದ ವಂಶವಾಹಿಗಳ ಹೊಸ ಹೊಸ ಕೂಡಿಕೆಗಳಿಂದಲೇ ಬಹುಮಟ್ಟಿಗೆ ಬಂದಿತ್ತು. ಇನ್ನೂ ಆಶ್ಚರ್ಯದ ಸಂಗತಿಯೆಂದರೆ, 48 ಪೀಳಿಗೆಗಳ ನಂತರ ಒಂದು ಭಾಗವನ್ನು ಬೇರೆ ಮಾಡಿ ತಿರುಗುಮುರುಗಾಗಿ, ಕಡಿಮೆ ಎಣ್ಣೆಯ ಕಡೆಗೆ ಆರಿಸತೊಡಗಿದಾಗ ಬೆಳೆ ಆ ದಿಕ್ಕಿಗೂ ಸರಿಯಿತು. ಅರ್ಧ ಶತಮಾನದ ಕಠಿಣ ಆಯ್ಕೆಯ ನಂತರವೂ ಎರಡೂ ಕಡೆಗೆ ಹೋಗಲು ಬೇಕಾದ ಬಂಡವಾಳ ಒಳಗೇ ಇತ್ತು.

ಆ ಬಂಡವಾಳ ಕಣ್ಣಿಗೆ ಬೀಳದಿರುವುದಕ್ಕೂ ಕಾರಣವಿದೆ. ಒಂದು ಗಿಡದಲ್ಲಿ ಕೆಲವು ವಂಶವಾಹಿಗಳು ಎತ್ತರವನ್ನು ಹೆಚ್ಚಿಸುವ ರೂಪದಲ್ಲಿದ್ದು ಬೇರೆ ಕೆಲವು ತಗ್ಗಿಸುವ ರೂಪದಲ್ಲಿದ್ದರೆ ಗಿಡ ನಡುಮಟ್ಟದ್ದಾಗಿಯೇ ಕಾಣುತ್ತದೆ. ಜಮಾ ಮತ್ತು ಖರ್ಚು ಸರಿಹೋದ ಖಾತೆಯಲ್ಲಿ ವ್ಯವಹಾರವೇ ನಡೆದಿಲ್ಲವೆಂದು ಹೇಳಲಾಗುವುದಿಲ್ಲವಷ್ಟೆ. ಅಂಥ ಎರಡು ಸಾಧಾರಣ ಗಿಡಗಳು ಕೂಡಿದಾಗ, ಮುಂದಿನ ಪೀಳಿಗೆಗಳಲ್ಲಿ ಎರಡಕ್ಕಿಂತಲೂ ಎತ್ತರದ ಗಿಡಗಳೂ ಎರಡಕ್ಕಿಂತಲೂ ಕುಳ್ಳನೆಯವೂ ಹುಟ್ಟುತ್ತವೆ. ಜೋಳ ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ. ಆದರೂ ನೂರರಲ್ಲಿ ಐದರಿಂದ ಹದಿನೈದರಷ್ಟು ಕಾಳು ಸಾಮಾನ್ಯವಾಗಿ ಪಕ್ಕದ ಗಿಡಗಳ ಪರಾಗದಿಂದ ಕಟ್ಟುತ್ತದೆ, ಸಡಿಲ ತೆನೆಯಲ್ಲಿ ಇನ್ನಷ್ಟು ಹೆಚ್ಚು. ಪ್ರತಿ ವರ್ಷ ಸ್ವಲ್ಪ ಸ್ವಲ್ಪವಾಗಿ ಹೊಸ ಕೂಡಿಕೆಗಳು ಹುಟ್ಟಲು ಅಷ್ಟು ಸಾಕು.

ಇಲ್ಲಿಯವರೆಗೆ ಹೇಳಿದ್ದೆಲ್ಲ ವ್ಯತ್ಯಾಸ ನಿಧಾನವಾಗಿ ಖರ್ಚಾಗುತ್ತದೆ ಎಂಬುದಕ್ಕೆ ವಿವರಣೆ. ಅದು ಮತ್ತೆ ತುಂಬಿಕೊಳ್ಳುವುದು ಹೇಗೆ, ಅಥವಾ ಅದನ್ನು ಹಿಡಿದಿಡುವ ಬಲ ಯಾವುದು ಎಂಬುದು ಬೇರೆಯೇ ಪ್ರಶ್ನೆ. ನಿಜವಾದ ಕಷ್ಟ ಇರುವುದೂ ಇಲ್ಲಿಯೇ.

ನಿಸರ್ಗದಲ್ಲಿ ಬಹುಪಾಲು ಗುಣಗಳಿಗೆ ನಡುವಿನ ಅಳತೆಯೇ ಕ್ಷೇಮ ಎಂದು ನಾವು ಪಾಠದಲ್ಲಿ ಹೇಳುತ್ತೇವೆ. ಬಹಳ ಹಗುರವಾಗಿ ಹುಟ್ಟಿದ ಕೂಸಿಗೂ ಬಹಳ ತೂಕದ ಕೂಸಿಗೂ ಅಪಾಯ ಹೆಚ್ಚು ಎಂದು 1951ರಲ್ಲಿ ಕಾರ್ನ್ ಮತ್ತು ಪೆನ್‌ರೋಸ್ ಲಂಡನ್ನಿನ ಆಸ್ಪತ್ರೆಯ ದಾಖಲೆಗಳಿಂದ ತೋರಿಸಿದ್ದು ಇದರ ಪ್ರಸಿದ್ಧ ಉದಾಹರಣೆ. ನಮ್ಮ ಹಿಂಗಾರಿ ಜೋಳಕ್ಕೂ ಇದು ಒಪ್ಪುತ್ತದೆ. ಎರೆಮಣ್ಣು ಹಿಡಿದಿಟ್ಟ ತೇವದಲ್ಲೇ ಬದುಕಬೇಕಾದ ಬೆಳೆ ಅದು. ಬೇಗ ಹೂಬಿಟ್ಟ ಗಿಡಕ್ಕೆ ಎಲೆ ಬೆಳೆಸಲು ಸಮಯವಿಲ್ಲ, ತೆನೆ ಸಣ್ಣದಾಗುತ್ತದೆ. ತಡವಾಗಿ ಹೂಬಿಟ್ಟದ್ದಕ್ಕೆ ಕಾಳು ತುಂಬುವ ಹೊತ್ತಿಗೆ ನೆಲ ಬಿರುಕುಬಿಟ್ಟಿರುತ್ತದೆ, ಬುಡ ಕಪ್ಪಾಗಿ ದಂಟು ಟೊಳ್ಳಾಗಿ ಗಿಡ ಮಲಗಿಬಿಡುತ್ತದೆ. ನಡುವಿನದ್ದು ಗೆಲ್ಲುತ್ತದೆ. ಇಂಥ ಆಯ್ಕೆ ಎರಡೂ ತುದಿಗಳನ್ನು ಕತ್ತರಿಸುವುದರಿಂದ ಎಲ್ಲವನ್ನೂ ಸಮತೋಲದಲ್ಲಿ ಇಡುತ್ತದೆ ಎಂದು ಅನ್ನಿಸುವುದು ಸಹಜ. ಲೆಕ್ಕ ಮಾಡಿದರೆ ಹಾಗಾಗುವುದಿಲ್ಲ. ಸೀವಾಲ್ ರೈಟ್ 1935ರಲ್ಲೂ ಅಲನ್ ರಾಬರ್ಟ್‌ಸನ್ 1956ರಲ್ಲೂ ತೋರಿಸಿದಂತೆ, ನಡುವನ್ನು ಮೆಚ್ಚುವ ಆಯ್ಕೆ ಸರಾಸರಿಯನ್ನು ಕದಲಿಸದೆ ಒಳಗಿನ ವ್ಯತ್ಯಾಸವನ್ನು ಮಾತ್ರ ತಿನ್ನುತ್ತ ಹೋಗುತ್ತದೆ. ಕೊನೆಗೆ ಎಲ್ಲ ಗಿಡಗಳೂ ಒಂದೇ ಬಗೆಯ ಹೆಚ್ಚು-ಕಡಿಮೆಗಳ ಜೋಡಣೆಯಿಂದ ಅದೇ ನಡುಮಟ್ಟವನ್ನು ತಲುಪಬೇಕು.

ಹಾಗಾಗದಿರುವುದಕ್ಕೆ ಹೊಸ ಉತ್ಪರಿವರ್ತನೆಗಳೇ ಕಾರಣ ಎಂಬುದು ಒಂದು ಬಲವಾದ ಉತ್ತರ. ಡಿಎನ್‌ಎ ನಕಲಾಗುವಾಗ ಆಗುವ ಬದಲಾವಣೆಗಳಿಂದ ಪ್ರತಿ ಪೀಳಿಗೆಯಲ್ಲೂ ಒಂದಿಷ್ಟು ಹೊಸ ವ್ಯತ್ಯಾಸ ಸೇರುತ್ತದೆ. ನೊಣ, ಮೆಕ್ಕೆಜೋಳ, ಇಲಿ ಮುಂತಾದವುಗಳಲ್ಲಿ ಅಳೆದು ನೋಡಿದಾಗ, ಪರಿಸರದಿಂದ ಬರುವ ವ್ಯತ್ಯಾಸದ ಸುಮಾರು ಸಾವಿರದ ಒಂದು ಪಾಲಿನಷ್ಟು ಹೊಸ ಆನುವಂಶಿಕ ವ್ಯತ್ಯಾಸ ಪ್ರತಿ ಪೀಳಿಗೆಗೆ ಸೇರುತ್ತದೆಂದು ಕಂಡುಬಂದಿದೆ. ಅಂದರೆ ಏನೂ ವ್ಯತ್ಯಾಸವಿಲ್ಲದ ಸ್ಥಿತಿಯಿಂದ ಹೊರಟು, ಆಯ್ಕೆಯ ಕಾಟವಿಲ್ಲದಿದ್ದರೆ, ಒಂದು ಸಾವಿರ ಪೀಳಿಗೆಗಳಲ್ಲಿ ವಂಶದ ಪಾಲು ಪರಿಸರದ ಪಾಲಿಗೆ ಸಮನಾಗಬಹುದು. ಬರುವ ಹೊಸದೂ ಆಯ್ಕೆಯಿಂದ ಅಳಿಯುವ ಹಳೆಯದೂ ಸಮವಾದ ಮಟ್ಟದಲ್ಲಿ ವ್ಯತ್ಯಾಸ ನಿಲ್ಲುತ್ತದೆ. ರಸೆಲ್ ಲ್ಯಾಂಡೆ 1975ರಲ್ಲಿ ಈ ಸಮತೋಲವೇ ನಾವು ಕಾಣುವ ವ್ಯತ್ಯಾಸವನ್ನು ವಿವರಿಸಲು ಸಾಕು ಎಂದು ವಾದಿಸಿದರು. 1984ರಲ್ಲಿ ಮೈಕೆಲ್ ಟುರೆಲ್ಲಿ ಅದಕ್ಕೆ ತಕರಾರು ತೆಗೆದರು. ಲ್ಯಾಂಡೆಯವರ ಲೆಕ್ಕ ನಿಲ್ಲಬೇಕಾದರೆ ಒಂದೊಂದು ವಂಶವಾಹಿಯಲ್ಲೂ ಸಣ್ಣ ಪರಿಣಾಮದ ಉತ್ಪರಿವರ್ತನೆಗಳು ಮೇಲಿಂದ ಮೇಲೆ ಆಗುತ್ತಿರಬೇಕು; ನಿಜದಲ್ಲಿ ಅವು ವಿರಳ, ಆದಾಗ ಅವುಗಳ ಪರಿಣಾಮ ಆ ಜಾಗದಲ್ಲಿ ಮೊದಲಿದ್ದ ವ್ಯತ್ಯಾಸಕ್ಕಿಂತ ದೊಡ್ಡದು ಎಂದರು. ಹಾಗಿದ್ದರೆ ಸಮತೋಲದ ಮಟ್ಟ ಬಹಳ ಕೆಳಗೆ ನಿಲ್ಲುತ್ತದೆ. ಈ ತಕರಾರು ನನಗೆ ಇಂದಿಗೂ ತೂಕದ್ದೆನಿಸುತ್ತದೆ. ಒಂದೊಂದು ವಂಶವಾಹಿಯೂ ಹತ್ತು ಕೆಲಸಗಳಲ್ಲಿ ಕೈಯಾಡಿಸುತ್ತದೆ. ಹೂಬಿಡುವ ದಿನವನ್ನು ಬದಲಿಸುವ ಉತ್ಪರಿವರ್ತನೆ ಬೇರನ್ನೋ ಕಾಳನ್ನೋ ಕೆಡಿಸಿದರೆ, ಹೂಬಿಡುವ ದಿನ ಎಷ್ಟೇ ಅನುಕೂಲವಾಗಿದ್ದರೂ ಆ ರೂಪ ಅಳಿಯುತ್ತದೆ.

ಆದ್ದರಿಂದ ಹಳೆಯ ರೂಪಗಳನ್ನು ಕೈಬಿಡದೆ ಹಿಡಿದಿಡುವ ಬಲಗಳನ್ನೂ ಹುಡುಕಬೇಕಾಗುತ್ತದೆ. ನಮ್ಮ ಭಾಗದ ಕುರಿ ಸಾಕುವವರಿಗೆ ಹತ್ತಿರವೆನಿಸುವ ಉದಾಹರಣೆ ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾ ದ್ವೀಪಗಳಲ್ಲಿದೆ. ಅಲ್ಲಿನ ಹಿರ್ಟಾ ದ್ವೀಪದಲ್ಲಿ ಕಾಡುಬಿದ್ದು ಬದುಕುವ ಸೋಯ್ ಕುರಿಗಳನ್ನು 1985ರಿಂದ ಒಂದೊಂದಾಗಿ ಗುರುತಿಸಿ ಅಧ್ಯಯನ ಮಾಡುತ್ತಿದ್ದಾರೆ. ದೊಡ್ಡ ಕೋಡಿನ ಟಗರಿಗೆ ಕಾದಾಟದಲ್ಲಿ ಗೆಲುವು, ಹೆಚ್ಚು ಮರಿ. ಹಾಗಾದರೆ ಸಣ್ಣ ಕೋಡಿನವು ಏಕೆ ಉಳಿದಿವೆ? 2013ರಲ್ಲಿ ಪ್ರಕಟವಾದ ಸಂಶೋಧನೆ ಇದಕ್ಕೆ ಆರ್‌ಎಕ್ಸ್‌ಎಫ್‌ಪಿ2 ಎಂಬ ಒಂದೇ ವಂಶವಾಹಿಯಲ್ಲಿ ಉತ್ತರ ಕಂಡಿತು. ಅದರ ಒಂದು ರೂಪ ಕೋಡನ್ನು ದೊಡ್ಡದು ಮಾಡಿ ಮರಿಗಳನ್ನು ಹೆಚ್ಚಿಸುತ್ತದೆ, ಇನ್ನೊಂದು ರೂಪ ಕೋಡನ್ನು ಕುಗ್ಗಿಸಿ ಟಗರು ಬದುಕುಳಿಯುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಎರಡೂ ರೂಪಗಳನ್ನು ಒಂದೊಂದು ಪಡೆದ ಟಗರಿಗೆ ಎರಡೂ ಲಾಭ. ಹಾಗಾಗಿ ಯಾವ ರೂಪವೂ ಇನ್ನೊಂದನ್ನು ಹೊರದೂಡಲಾರದು. ನಮ್ಮ ಬಳ್ಳಾರಿ ತಳಿಯ ಕುರಿಗಳಲ್ಲೂ ಕೋಡಿನ ಟಗರು, ಬೋಳು ಟಗರು ಎರಡೂ ಇವೆ; ಆದರೆ ಇಲ್ಲಿ ಕುರಿಗಾರನ ಕೈ ಆಡಿರುವುದರಿಂದ ಹಿರ್ಟಾದ ಕಾರಣವನ್ನೇ ಇಲ್ಲಿಗೂ ತಂದು ಹಚ್ಚಲು ನಾನು ಸಿದ್ಧನಿಲ್ಲ.

ಇನ್ನೊಂದು ಬಲ ಕಾಲದ ಏರುಪೇರು. ಗಲಾಪಗೋಸ್‌ನ ಡಾಫ್ನೆ ಮೇಜರ್ ದ್ವೀಪದಲ್ಲಿ ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ ಫಿಂಚ್ ಹಕ್ಕಿಗಳನ್ನು ದಶಕಗಳ ಕಾಲ ಅಳೆದರು. 1977ರ ಬರದಲ್ಲಿ ಸಣ್ಣ ಬೀಜಗಳು ತೀರಿ, ಗಟ್ಟಿ ಬೀಜ ಒಡೆಯಬಲ್ಲ ದೊಡ್ಡ ಕೊಕ್ಕಿನವು ಉಳಿದವು. 1983ರ ಎಲ್ ನಿನೋ ಮಳೆಯ ನಂತರ ಸಣ್ಣ ಬೀಜಗಳೇ ಹೆಚ್ಚಾಗಿ ಆಯ್ಕೆ ತಿರುಗಿಬಿದ್ದಿತು, ಸಣ್ಣ ಕೊಕ್ಕಿನವು ಮುಂದಾದವು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯನ್ನು ನೆಚ್ಚಿ, ಅದೂ ಬಂದರೆ ಬಂತು ಇಲ್ಲವಾದರೆ ಇಲ್ಲ ಎಂಬ ಸ್ಥಿತಿಯಲ್ಲಿರುವ ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಹಿಂಗಾರಿ ಮಳೆ ಕೈಕೊಟ್ಟ ವರ್ಷ ಬೇಗ ಬಂದ ತೆನೆಯೇ ಕಾಳು ಕೊಡುತ್ತದೆ, ನವೆಂಬರಿನಲ್ಲೂ ಒಂದು ಹದ ಬಿದ್ದ ವರ್ಷ ತಡವಾದದ್ದೇ ಮೇಲು.

ಲಿಂಗಸುಗೂರು ಕಡೆ ಒಕ್ಕಲುತನ ಮಾಡುವ ನನ್ನ ಸೋದರಮಾವನನ್ನು, ಹೀಗೆ ಮುಂದು-ಹಿಂದಾಗಿ ಹೂಬಿಡುವ ಬೀಜವನ್ನು ಏಕೆ ಇಟ್ಟುಕೊಂಡಿದ್ದೀ ಮಾವ ಎಂದು ಕೇಳಿದ್ದೆ. "ಎಲ್ಲಾ ತೆನೀನೂ ಒಂದಾ ದಿನ ಹಾಲು ತುಂಬಿದ್ರ, ಒಂದಾ ಸಲಕ್ಕ ಎಲ್ಲಾನೂ ಹೋಗ್ತಾವ ತಮ್ಮಾ" ಎಂದರು. ರೈತನ ದೃಷ್ಟಿಯಿಂದ ಇದು ಪೂರ್ತಿ ಸರಿಯಾದ ಮಾತು, ಆದರೆ ವಿಕಾಸದ ಲೆಕ್ಕದಲ್ಲಿ ಇದನ್ನು ಕಾರಣವೆಂದು ಬರೆದುಕೊಳ್ಳುವ ಮೊದಲು ನಿಲ್ಲಬೇಕು. ಹೊಲಕ್ಕೆ ಒಟ್ಟಾರೆ ಒಳ್ಳೆಯದೆಂಬ ಕಾರಣಕ್ಕೆ ನಿಸರ್ಗ ವ್ಯತ್ಯಾಸವನ್ನು ಕಾಪಾಡುವುದಿಲ್ಲ. ಗಿಡಕ್ಕೆ ಗಿಡ ಪೈಪೋಟಿ ನಡೆಯುವಾಗ ಹೊಲದ ಹಿತ ನೋಡುವವರು ಯಾರೂ ಇಲ್ಲ. ವರ್ಷದಿಂದ ವರ್ಷಕ್ಕೆ ಆಯ್ಕೆಯ ದಿಕ್ಕು ಬದಲಾಗುವುದೊಂದೇ ಕೂಡ ಸಾಲದು. ದೀರ್ಘಕಾಲದ ಸರಾಸರಿಯಲ್ಲಿ ಯಾವ ರೂಪ ಸ್ವಲ್ಪ ಮುಂದಿದೆಯೋ ಅದೇ ಕೊನೆಗೆ ಗೆಲ್ಲುತ್ತದೆ. ಏರುಪೇರಿನಿಂದ ವ್ಯತ್ಯಾಸ ನಿಲ್ಲಬೇಕಾದರೆ, ಕೆಟ್ಟ ವರ್ಷ ಒಂದು ರೂಪವನ್ನು ಪೂರ್ತಿ ಒರೆಸಿಹಾಕದಂತೆ ಅದರ ಒಂದು ಪಾಲು ಆಯ್ಕೆಗೆ ಸಿಗದೆ ಎಲ್ಲಾದರೂ ಕಾದಿರಬೇಕು. ಕಾಡುಗಿಡಗಳಲ್ಲಿ ನೆಲದೊಳಗೆ ಹಲವು ವರ್ಷ ಮೊಳೆಯದೆ ಉಳಿಯುವ ಬೀಜಗಳು ಈ ಕೆಲಸ ಮಾಡುತ್ತವೆ. ಸಾಕಿದ ಜೋಳಕ್ಕೆ ಆ ಶಕ್ತಿ ಇಲ್ಲ. ಅದರ ಬದಲು ಬೂದಿ ಮತ್ತು ಬೇವಿನ ಎಲೆ ಬೆರೆಸಿ ಗಡಿಗೆಯಲ್ಲಿಟ್ಟ ಹಿಂದಿನ ವರ್ಷದ ಬೀಜ ಆ ಕೆಲಸ ಮಾಡಿದೆ ಎಂದು ನಾನು ತಿಳಿಯುತ್ತೇನೆ. ಆ ಅರ್ಥದಲ್ಲಿ ಮಾವನ ಮಾತು ಬೇರೊಂದು ದಾರಿಯಿಂದ ಸರಿಯಾಗಿಯೇ ಬರುತ್ತದೆ, ಏಕೆಂದರೆ ಬೀಜ ಕಾಪಿಡುವ ಮನುಷ್ಯ ಇಲ್ಲಿ ನಿಸರ್ಗಕ್ಕಿಲ್ಲದ ಮುಂದಾಲೋಚನೆಯನ್ನು ತಂದಿದ್ದಾನೆ.

ಜಾಗದ ವ್ಯತ್ಯಾಸ ಇದಕ್ಕಿಂತಲೂ ಗಟ್ಟಿಯಾದ ಬಲವೆಂದು ನನ್ನ ಅಭಿಪ್ರಾಯ. ಆಳವಾದ ಎರೆಯಲ್ಲಿ ತಡವಾದ ಗಿಡ ಬದುಕುತ್ತದೆ, ಕಲ್ಲುಮಿಶ್ರಿತ ತೆಳು ನೆಲದಲ್ಲಿ ಬೇಗ ಬಂದದ್ದು. ಒಂದೇ ಊರಿನ ಸೀಮೆಯಲ್ಲಿ ಎರಡೂ ಇರುತ್ತವೆ. ಒಂದೊಂದು ನೆಲವೂ ತನಗೊಪ್ಪುವ ರೂಪವನ್ನು ಆರಿಸುತ್ತಿದ್ದರೆ, ಬೀಜ ಅವುಗಳ ನಡುವೆ ಓಡಾಡುತ್ತಿದ್ದರೆ, ಯಾವ ಹೊಲವೂ ಪೂರ್ತಿ ಒಂದೇ ಬಗೆಯದಾಗುವುದಿಲ್ಲ. ನಮ್ಮಲ್ಲಿ ಬೀಜ ಓಡಾಡಿದ ದಾರಿ ಬಹುಮಟ್ಟಿಗೆ ನೆಂಟಸ್ತನದ್ದು. ಬೆಳೆ ಹೋದ ವರ್ಷ ಬೀಗರ ಮನೆಯಿಂದ ಒಂದೆರಡು ಸೇರು ಬೀಜ ತರುವುದು, ಒಳ್ಳೆಯ ತೆನೆ ಕಂಡರೆ ಕೇಳಿ ಪಡೆಯುವುದು ಇವೆಲ್ಲ ಸಣ್ಣ ಸಂಗತಿಗಳಾಗಿ ಕಂಡರೂ, ಎರಡು ನೆಲಗಳ ಆಯ್ಕೆಯ ಫಲವನ್ನು ಒಂದು ಗಡಿಗೆಯಲ್ಲಿ ಬೆರೆಸುವ ಕೆಲಸಗಳು. ಬಳಕೆಯೂ ಹಾಗೆಯೇ ಆಯ್ಕೆಯನ್ನು ಒಡೆಯುತ್ತದೆ. ರೊಟ್ಟಿಗೆ ಒಂದು, ನಾಗರಪಂಚಮಿಯ ಅಳ್ಳಿಗೆ ಸಣ್ಣ ಗಟ್ಟಿ ಕಾಳಿನ ಅಳ್ಳಿನ ಜೋಳ, ಸೀತನಿಗೆ ಹಸಿಯಲ್ಲೇ ಸಿಹಿಯಾಗಿ ಸುಲಭವಾಗಿ ಉದುರುವ ಜೋಳ. ದನಕ್ಕೆ ಎತ್ತರದ ಕಣಿಕೆ ಬೇಕೆಂಬುದು ಎಲ್ಲದರ ಜೊತೆಗೂ ಇದ್ದದ್ದೇ. ಕಾಳು ಮಾತ್ರ ನೋಡಿದ್ದರೆ ಗಿಡ ಎಂದೋ ಕುಳ್ಳಾಗಿರುತ್ತಿತ್ತು.

ಈ ಬಲಗಳೆಲ್ಲ ಕೆಲಸ ಮಾಡಬೇಕಾದರೆ ಸಂಖ್ಯೆ ಇರಬೇಕು. ಮುಕ್ತವಾಗಿ ಕೂಡುವ ಜೀವಿಗಳಲ್ಲಿ ಕೇವಲ 10 ತಾಯ್ತಂದೆಗಳಿಂದ ಮುಂದಿನ ಪೀಳಿಗೆ ಬಂದರೆ, ಯಾವ ಆಯ್ಕೆಯೂ ಇಲ್ಲದೆ ಬರಿಯ ಆಕಸ್ಮಿಕದಿಂದಲೇ ವ್ಯತ್ಯಾಸದ ಶೇಕಡಾ 5ರಷ್ಟು ಒಂದೇ ಪೀಳಿಗೆಯಲ್ಲಿ ನಷ್ಟವಾಗುತ್ತದೆ; 100 ಇದ್ದರೆ ಶೇಕಡಾ ಅರ್ಧ. ತನ್ನಲ್ಲೇ ಕೂಡುವ ಜೋಳದಂಥ ಬೆಳೆಯಲ್ಲಿ ನಷ್ಟ ಇನ್ನೂ ಹೆಚ್ಚು. ಈಗ ಹಿಂಗಾರಿಯಲ್ಲಿ ನಮ್ಮ ಭಾಗದಲ್ಲಿ ಬಹುವಾಗಿ ಬಿತ್ತುವ ಎಂ 35-1, ಸೊಲ್ಲಾಪುರದ ಬಳಿಯ ಮೊಹೋಳದಲ್ಲಿ ಸ್ಥಳೀಯ ಮಾಲ್ದಂಡಿಯಿಂದ ಆರಿಸಿದ ತಳಿ. ಅದು ಒಳ್ಳೆಯ ಜೋಳ, ಅದರ ರೊಟ್ಟಿಯನ್ನು ಯಾರೂ ದೂರುವಂತಿಲ್ಲ. ಆದರೆ ಒಂದು ಆಯ್ಕೆಯ ಬೀಜ ಸಾವಿರಾರು ಹೊಲಗಳಿಗೆ ಹೋದಾಗ ಆ ಹೊಲಗಳ ಹಳೆಯ ಮನೆಬೀಜಗಳು ಗಡಿಗೆಯಿಂದ ಇಲ್ಲವಾದವು. ಹೈದರಾಬಾದಿನ ಬಳಿ ಪತಂಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯ ಬೀಜಭಂಡಾರದಲ್ಲಿ ಸುಮಾರು 40,000 ಜೋಳದ ಮಾದರಿಗಳು ತಣ್ಣನೆಯ ಕೋಣೆಯಲ್ಲಿ ಭದ್ರವಾಗಿವೆ, ಅದಕ್ಕಾಗಿ ನಾನು ಮನಃಪೂರ್ವಕ ಕೃತಜ್ಞ. ಅಲ್ಲಿ ರೂಪಗಳು ಉಳಿಯುತ್ತವೆ; ಆದರೆ ಅವನ್ನು ಉಳಿಸಿದ್ದ ಬರ, ಎರೆ, ಬೀಗತನ ಮತ್ತು ಅಳ್ಳಿನ ಹಬ್ಬ ಆ ಕೋಣೆಯಲ್ಲಿ ಕೆಲಸ ಮಾಡುವುದಿಲ್ಲ.

ಈ ಬಲಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಒಂದೇ ಮಾತಿನಲ್ಲಿ ಹೇಳುವ ಅಳತೆ ಇನ್ನೂ ಬಂದಿಲ್ಲ. ಮನುಷ್ಯರ ಎತ್ತರದಂಥ ಗುಣಗಳಲ್ಲಿ ವಿರಳವಾದ ರೂಪಗಳ ಪರಿಣಾಮ ಸಾಮಾನ್ಯ ರೂಪಗಳ ಪರಿಣಾಮಕ್ಕಿಂತ ದೊಡ್ಡದಾಗಿರುವುದು ಕಂಡಿದೆ. ದೊಡ್ಡ ಬದಲಾವಣೆ ತರುವ ಹೊಸ ರೂಪಗಳನ್ನು ಆಯ್ಕೆ ಕಿತ್ತೆಸೆಯುತ್ತಲೇ ಇದೆ, ಅವು ಮತ್ತೆ ಹುಟ್ಟುತ್ತಲೇ ಇವೆ ಎಂಬ ಉತ್ಪರಿವರ್ತನೆಯ ವಾದಕ್ಕೆ ಇದು ಒಪ್ಪುವ ಚಿತ್ರ. ಆದರೆ ಜೋಳದ ಹೂಬಿಡುವ ದಿನದ ಕತೆ ಬೇರೆ ಇರಬಹುದೆಂದು ನನ್ನ ಊಹೆ. 1945ರಲ್ಲಿ ಕ್ವಿನ್ಬಿ ಮತ್ತು ಕಾರ್ಪರ್ ಅಮೆರಿಕದಲ್ಲಿ ಜೋಳದ ಮಾಗುವ ಕಾಲವನ್ನು ಗಣನೀಯವಾಗಿ ಬದಲಿಸುವ ಕೆಲವೇ ವಂಶವಾಹಿಗಳನ್ನು ಗುರುತಿಸಿದರು. ಅಷ್ಟು ದೊಡ್ಡ ಪರಿಣಾಮದ ರೂಪಗಳು ವಿರಳವಾಗದೆ ಒಂದು ಸೀಮೆಯ ಮನೆಬೀಜಗಳಲ್ಲಿ ಸಾಮಾನ್ಯವಾಗಿಯೇ ಉಳಿದಿದ್ದರೆ, ಅವನ್ನು ಹಿಡಿದಿಟ್ಟಿರುವ ಬಲ ಬೇರೆ ಇರಬೇಕು. ಇದನ್ನು ಪರೀಕ್ಷಿಸಬಹುದು. ಎರೆ ಮತ್ತು ತೆಳು ನೆಲ ಎರಡರಲ್ಲೂ ಒಂದೇ ಮನೆಬೀಜವನ್ನು ಬಿತ್ತಿ, ಗಿಡಗಿಡಕ್ಕೂ ಹೂಬಿಟ್ಟ ದಿನ ಬರೆದು, ಕಾಳು ತೂಗಿ, ಎಲೆಯ ಡಿಎನ್‌ಎ ತೆಗೆದು, ಮಳೆಯಾದ ವರ್ಷ ಮತ್ತು ಆಗದ ವರ್ಷ ಎರಡನ್ನೂ ಕಾಣುವಷ್ಟು ಕಾಲ ಇದನ್ನು ನಡೆಸಬೇಕು. ಒಂದೇ ರೂಪ ಬರದಲ್ಲಿ ಏರಿ ಹದದಲ್ಲಿ ಇಳಿದರೆ, ಎರೆಯಲ್ಲಿ ಇಳಿದು ತೆಳು ನೆಲದಲ್ಲಿ ಏರಿದರೆ, ಕಾಲ ಮತ್ತು ಜಾಗಗಳ ವಾದಕ್ಕೆ ಬಲ ಬರುತ್ತದೆ; ಎಲ್ಲೆಡೆಯೂ ಎಲ್ಲ ವರ್ಷವೂ ಆ ರೂಪ ಇಳಿಯುತ್ತಲೇ ಹೋದರೆ, ನನ್ನ ಊಹೆಯನ್ನು ಬಿಟ್ಟು ಉತ್ಪರಿವರ್ತನೆಯ ವಾದವನ್ನೇ ಇಲ್ಲಿಗೂ ಒಪ್ಪಿಕೊಳ್ಳುತ್ತೇನೆ.